ಎಲುಬಿಗೆ ರಾಡ್ ಬಿತ್ತು, ಗಾಯ ಮುಚ್ಚುವವರು ಯಾರು?

ಮೊಣಕಾಲಿನ ಕೆಳಗೆ, ಕಾಲಿನ ಮುಂಭಾಗದ ಒಳಬದಿಯಲ್ಲಿ ಬೆರಳಿಟ್ಟು ಪಾದದ ಗಂಟಿನವರೆಗೂ ಸವರಿ ನೋಡಿ. ಉದ್ದಕ್ಕೂ ಎಲುಬು ನೇರವಾಗಿ ಕೈಗೆ ಹತ್ತುತ್ತದೆ. ಬೆರಳಿಗೂ ಎಲುಬಿಗೂ ನಡುವೆ ಇರುವುದು ತೆಳ್ಳನೆಯ ಚರ್ಮ ಮಾತ್ರ. ತೊಡೆಯ ಎಲುಬಿಗೆ ಸುತ್ತಲೂ ಮಾಂಸದ ಕಾವಲಿದೆ. ಕೆಳಗಾಲಿನ ದಪ್ಪ ಎಲುಬಾದ ಟಿಬಿಯಾಕ್ಕೆ ಮುಂದುಗಡೆ ಆ ಭಾಗ್ಯವಿಲ್ಲ. ಮೀನಖಂಡದ ಮಾಂಸವೆಲ್ಲ ಹಿಂದೆ, ಅದೂ ಹೆಚ್ಚಾಗಿ ಮೇಲಿನ ಅರ್ಧದಲ್ಲಿ. ಕೆಳಗೆ ಬರಬರುತ್ತ ಮಾಂಸ ಮುಗಿದು ಟೆಂಡನ್ ಎಂಬ ಬಿಳಿ ನಾರುಗಳಷ್ಟೇ ಉಳಿಯುತ್ತವೆ. ಬೆಳಗಾವಿಯಿಂದ ಖಾನಾಪುರ, ಲೋಂಡಾ, ಅನಮೋಡ ಘಾಟಿನ ಮೂಲಕ ಗೋವಾಕ್ಕೆ ಇಳಿಯುವ 748ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಬೈಕ್ ಸವಾರನ ಕಾಲು ವಾಹನದಡಿ ಸಿಕ್ಕಾಗ, ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಾಲ ಮೇಲೆ ಹಾದಾಗ, ಗದ್ದೆಯಲ್ಲಿ ರೋಟಾವೇಟರ್ ಪಾದವನ್ನು ಎಳೆದುಕೊಂಡಾಗ, ಉದ್ಯಮಬಾಗದ ಫೌಂಡ್ರಿಯಲ್ಲಿ ಎರಕದ ಭಾರ ಹಿಮ್ಮಡಿಯ ಮೇಲೆ ಬಿದ್ದಾಗ ಆಗುವುದು ಒಂದೇ: ಎಲುಬು ಮುರಿಯುತ್ತದೆ, ಜೊತೆಗೆ ಅದನ್ನು ಮುಚ್ಚಿದ್ದ ತೊಗಲೂ ಹರಿದುಹೋಗುತ್ತದೆ.

ಮನೆಯವರ ಗಮನವೆಲ್ಲ ಮೊದಲನೆಯದರ ಮೇಲೆ. ಎಕ್ಸ್-ರೇಯಲ್ಲಿ ಕಾಣುವುದು ಎಲುಬು; ವಿಚಾರಿಸುವುದು ರಾಡಿನ ವಿಷಯ, ಪ್ಲೇಟಿನ ವಿಷಯ, ಕೂಡಲು ಎಷ್ಟು ತಿಂಗಳು ಎಂಬುದು. ಚರ್ಮ ಹೋದ ಜಾಗ ತಾನಾಗಿ ಮಾಯುತ್ತದೆ, ಮಾಯದಿದ್ದರೆ ಆಮೇಲೆ ‘ಚರ್ಮ ಹಚ್ಚಿದರಾಯ್ತು’ ಎಂಬುದು ಸಾಮಾನ್ಯ ನಂಬಿಕೆ. ಪ್ಲಾಸ್ಟಿಕ್ ಸರ್ಜನ್ ಎಂದರೆ ಮೂಗು ತಿದ್ದುವವರು, ಕಲೆ ಅಳಿಸುವವರು ಎಂಬ ತಿಳಿವಳಿಕೆಯೂ ಅದಕ್ಕೆ ಸೇರಿಕೊಂಡಿದೆ. ನನ್ನ ವಾದ ಇದಕ್ಕೆ ತದ್ವಿರುದ್ಧ. ತೆರೆದ ಗಾಯದ ಕಾಲಿನಲ್ಲಿ ಗಾಯ ಮುಚ್ಚುವ ಕೆಲಸ ಎಲುಬಿನ ಚಿಕಿತ್ಸೆಯ ನಂತರದ ಅಧ್ಯಾಯವಲ್ಲ, ಅದರ ಅರ್ಧ ಭಾಗ. ಹೊದಿಕೆಯಿಲ್ಲದ ಎಲುಬು ಒಣಗುತ್ತದೆ, ಸಾಯುತ್ತದೆ, ಕೀವು ಕಟ್ಟುತ್ತದೆ. ಎಷ್ಟು ದುಬಾರಿಯ ರಾಡ್ ಹಾಕಿದರೂ ಕೂಡುವುದಿಲ್ಲ. ಆದ್ದರಿಂದ ಮೊದಲ ದಿನವೇ ಕೇಳಬೇಕಾದ ಪ್ರಶ್ನೆ, ನಮ್ಮ ಕಡೆಯ ಮಾತಿನಲ್ಲೇ ಹೇಳುವುದಾದರೆ: “ಡಾಕ್ಟರ್ ಸಾಹೇಬ್ರ, ಈ ಗಾಯಾ ಯಾರು ಮುಚ್ಚತಾರ್ರೀ, ಯಾವಾಗ ಮುಚ್ಚತಾರ್ರೀ?” ಈ ಲೇಖನವೆಲ್ಲ ಆ ಒಂದು ಪ್ರಶ್ನೆಯ ವಿವರಣೆ.

‘ಚರ್ಮ ಹಚ್ಚುವುದು’ ಎಂದು ನಾವು ಒಟ್ಟಾಗಿ ಕರೆಯುವುದರೊಳಗೆ ಎರಡು ಬೇರೆಬೇರೆ ಕೆಲಸಗಳಿವೆ. ಒಂದು ಗ್ರಾಫ್ಟ್. ತೊಡೆಯಿಂದ ಕಾಗದದಷ್ಟು ತೆಳುವಾಗಿ ಚರ್ಮ ಸುಲಿದು ಗಾಯದ ಮೇಲೆ ಹರಡುತ್ತಾರೆ. ಅದಕ್ಕೆ ಸ್ವಂತ ರಕ್ತನಾಳವಿಲ್ಲ. ಕೆಳಗಿನ ಗಾಯದ ತಳವೇ ಅದನ್ನು ಬದುಕಿಸಬೇಕು. ಖಾನಾಪುರದ ರೈತರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ: ಕಿತ್ತು ಬೇರು ತೊಳೆದ ಭತ್ತದ ಸಸಿ ರಾಡಿಯಲ್ಲಿ ಹಿಡಿಯುತ್ತದೆ, ಬಂಡೆಯ ಮೇಲಿಟ್ಟರೆ ಒಣಗುತ್ತದೆ. ಕೆಂಪಗಿನ ಮಾಂಸದ ತಳವಿದ್ದರೆ ಗ್ರಾಫ್ಟ್ ಸಾಕು. ಎಲುಬಿನ ಮೇಲಿನ ತೆಳು ಪೊರೆ ಉಳಿದಿದ್ದರೂ ಹಿಡಿಯಬಹುದು. ಆದರೆ ಪೊರೆ ಸುಲಿದುಹೋಗಿ ಬಿಳಿ ಎಲುಬು ಕಾಣುತ್ತಿದ್ದರೆ, ಟೆಂಡನ್ ಬತ್ತಲಾಗಿದ್ದರೆ, ಹಾಕಿದ ಪ್ಲೇಟೇ ಹೊರಗೆ ಇಣುಕುತ್ತಿದ್ದರೆ ಗ್ರಾಫ್ಟಿಗೆ ಅಲ್ಲಿ ಕುಡಿಯಲು ಏನೂ ಇಲ್ಲ. ಆಗ ಬೇಕಾಗುವುದು ಫ್ಲಾಪ್: ಚರ್ಮ, ಅದರಡಿಯ ಕೊಬ್ಬು, ಕೆಲವೊಮ್ಮೆ ಮಾಂಸ, ಇವನ್ನು ತಮ್ಮದೇ ರಕ್ತನಾಳದ ಸಮೇತ ಎತ್ತಿ ತಂದು ಕೂರಿಸುವ ಕೆಲಸ. ಅದು ತಳವನ್ನು ನೆಚ್ಚಿಕೊಂಡಿರುವುದಿಲ್ಲ. ಬದಲಿಗೆ ತಳಕ್ಕೇ ರಕ್ತ ಕೊಡುತ್ತದೆ, ಆ ರಕ್ತದ ಜೊತೆಗೆ ಆ್ಯಂಟಿಬಯಾಟಿಕ್ ಔಷಧಿಯೂ ಎಲುಬಿಗೆ ತಲುಪುತ್ತದೆ. ಎಲುಬಿನ ಡಾಕ್ಟರರು ಕೇಸ್ ಪೇಪರಿನಲ್ಲಿ ‘ಗ್ರೇಡ್ 3ಬಿ’ ಎಂದು ಬರೆದಿದ್ದರೆ ಅದರ ಅರ್ಥ ಇದೇ. ಗುಸ್ಟಿಲೊ ಮತ್ತು ಆಂಡರ್ಸನ್ 1976ರಲ್ಲಿ ಮಾಡಿ, ಗುಸ್ಟಿಲೊ ಮತ್ತಿತರರು 1984ರಲ್ಲಿ ವಿಸ್ತರಿಸಿದ ಈ ವಿಂಗಡಣೆಯಲ್ಲಿ 3ಬಿ ಎಂದರೆ ಎಲುಬಿನ ಪೊರೆ ಸುಲಿದಿದೆ, ಮುಚ್ಚಲು ಸಾಮಾನ್ಯವಾಗಿ ಫ್ಲಾಪ್ ಬೇಕು ಎಂದು; 3ಸಿ ಎಂದರೆ ದುರಸ್ತಿ ಮಾಡಲೇಬೇಕಾದ ರಕ್ತನಾಳವೂ ತುಂಡಾಗಿದೆ ಎಂದು. ಆ ಎರಡಕ್ಷರ ಕಂಡರೆ ಪ್ಲಾಸ್ಟಿಕ್ ಸರ್ಜನ್ ಯಾರು ಎಂದು ಕೇಳಲು ಕಾಯಬೇಕಿಲ್ಲ.

ಬೇಗ ಮುಚ್ಚಬೇಕು ಎಂಬುದಕ್ಕೆ ಆಧಾರವೇನು? ಯುಗೋಸ್ಲಾವಿಯಾದ ಲ್ಯುಬ್ಲಿಯಾನಾದಲ್ಲಿದ್ದ ಮಾರ್ಕೊ ಗೊಡಿನಾ ಎಂಬ ಸರ್ಜನ್ 532 ರೋಗಿಗಳ ಲೆಕ್ಕವನ್ನು ಮೂರು ಗುಂಪು ಮಾಡಿ ಇಟ್ಟಿದ್ದರು; ಅದು 1986ರಲ್ಲಿ ಪ್ರಕಟವಾಯಿತು. ಗಾಯವಾದ 72 ಗಂಟೆಯೊಳಗೆ ಫ್ಲಾಪ್ ಹಾಕಿದವರಲ್ಲಿ ಫ್ಲಾಪ್ ಸತ್ತದ್ದು ಶೇ. 0.75, ಸೋಂಕು ಶೇ. 1.5. ಮೂರು ದಿನದಿಂದ ಮೂರು ತಿಂಗಳ ನಡುವೆ ಹಾಕಿದವರಲ್ಲಿ ಫ್ಲಾಪ್ ಸತ್ತದ್ದು ಶೇ. 12, ಸೋಂಕು ಶೇ. 17.5. ಮೂರು ತಿಂಗಳ ನಂತರ ಹಾಕಿದವರಲ್ಲಿ ಶೇ. 9.5 ಮತ್ತು ಶೇ. 6. ಅತಿ ಕೆಟ್ಟ ಫಲಿತಾಂಶ ನಡುವಿನ ಗುಂಪಿನದು ಎಂಬುದನ್ನು ಗಮನಿಸಿ. ‘ಸ್ವಲ್ಪ ದಿನ ಡ್ರೆಸ್ಸಿಂಗ್ ಮಾಡಿ ನೋಡೋಣ’ ಎಂದು ನಮ್ಮಲ್ಲಿ ಕಾಯುವ ಕಾಲವೂ ಅದೇ. ಆ ಹೊತ್ತಿಗೆ ಗಾಯದಲ್ಲಿ ರೋಗಾಣುಗಳು ನೆಲೆಯೂರಿರುತ್ತವೆ, ಸುತ್ತಲಿನ ರಕ್ತನಾಳಗಳು ಊತದಲ್ಲಿ ಸಿಕ್ಕಿ ಗಡುಸಾಗಿರುತ್ತವೆ, ಎಲುಬಿನ ತುದಿ ಒಣಗಿರುತ್ತದೆ.

ಗೊಡಿನಾ ಲೆಕ್ಕಕ್ಕೆ ಆಕ್ಷೇಪಗಳಿವೆ, ಅವು ಸಣ್ಣವಲ್ಲ. ತಡವಾಗಿ ಬಂದವರು ತಡವಾಗಿ ಬಂದದ್ದೇ ಬೇರೆ ಕಡೆ ಕೆಟ್ಟುಹೋಗಿದ್ದರಿಂದ ಇರಬಹುದು. ಸರ್ಜನ್ನರ ಕೈ ಪಳಗಿದ್ದೂ ವರ್ಷಗಳ ಮೇಲೆಯೇ. ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಂತೂ ಅದಲ್ಲ. ಈಗಿನ ಸೂಕ್ಷ್ಮದರ್ಶಕ, ಈಗಿನ ಔಷಧಿಗಳ ಕಾಲದಲ್ಲಿ ಮತ್ತೆ ಲೆಕ್ಕ ಹಾಕಿದವರು, 2019ರಲ್ಲಿ ನ್ಯೂಯಾರ್ಕಿನ ತಂಡವೊಂದು, ಈ ಗಡುವನ್ನು ಸುಮಾರು 10 ದಿನದವರೆಗೂ ಹಿಗ್ಗಿಸಬಹುದು ಎಂದಿದ್ದಾರೆ. ಬ್ರಿಟನ್ನಿನ ‘ನೈಸ್’ ಸಂಸ್ಥೆ 2016ರ ಮಾರ್ಗಸೂಚಿಯಲ್ಲಿ, ಮೊದಲ ಆಪರೇಷನ್ನಿನಲ್ಲೇ ಮುಚ್ಚಲಾಗದಿದ್ದರೆ, 72 ಗಂಟೆಗೇ ನಿಂತಿದೆ. ಹಾಗಾಗಿ 72 ಗಂಟೆ ಕಲ್ಲಿನ ಮೇಲಿನ ಗೆರೆಯಲ್ಲ ಎಂದು ಒಪ್ಪೋಣ. ಒಪ್ಪಿದರೂ ಉಳಿಯುವುದು ದಿನಗಳ ಲೆಕ್ಕವೇ, ತಿಂಗಳದ್ದಲ್ಲ. ಇನ್ನೊಂದು ಪುರಾವೆ ನಮ್ಮ ಊರಿನ ಸ್ಥಿತಿಗೆ ಇನ್ನೂ ಹತ್ತಿರದ್ದು. ಅಮೆರಿಕದ ಎಂಟು ದೊಡ್ಡ ಆಸ್ಪತ್ರೆಗಳು ಸೇರಿ ನಡೆಸಿದ ‘ಲೀಪ್’ ಅಧ್ಯಯನದ ಭಾಗವಾಗಿ 2010ರಲ್ಲಿ ಬಂದ ಲೆಕ್ಕ ಇದು: ಆಪರೇಷನ್ ಥಿಯೇಟರಿಗೆ ಹೋಗಲು ಹಿಡಿದ ಗಂಟೆಗಳಿಗೂ ಸೋಂಕಿಗೂ ಸ್ಪಷ್ಟ ಸಂಬಂಧ ಕಾಣಲಿಲ್ಲ, ಕೊನೆಯವರೆಗೆ ಚಿಕಿತ್ಸೆ ಕೊಡಬಲ್ಲ ಆಸ್ಪತ್ರೆಗೆ ರೋಗಿ ತಲುಪಲು ಹಿಡಿದ ಸಮಯಕ್ಕೂ ಸೋಂಕಿಗೂ ಸಂಬಂಧ ಕಂಡಿತು. ಸರಿಯಾದ ಬಾಗಿಲಿಗೆ ಮೊದಲೇ ಹೋಗುವುದು ಮುಖ್ಯ ಎಂದಾಯಿತು. ಖಾನಾಪುರ ಪಟ್ಟಣದಿಂದ ಬೆಳಗಾವಿಗೆ ಇರುವುದು 26 ಕಿಲೋಮೀಟರ್ ಆಸುಪಾಸು. ಆ ದಾರಿಯೇ ನಮ್ಮನ್ನು ಕೆಡಿಸುವುದಿಲ್ಲ. ಕೆಡಿಸುವುದು ಬೆಳಗಾವಿ ತಲುಪಿದ ಮೇಲೆ, ಎಲುಬು ಮಾತ್ರ ನೋಡುವ ಕಡೆ ಕಳೆಯುವ ಎರಡು ಮೂರು ವಾರ.

ಭೀಮಗಡದ ಕಾಡಿನೊಳಗಿನ ಊರುಗಳ ಮಾತು ಬೇರೆ. 2024ರ ಮಳೆಗಾಲದಲ್ಲಿ ಅಲ್ಲಿನ ಆಮಗಾಂವದಿಂದ ರೋಗಿಯನ್ನು ಹೊತ್ತುಕೊಂಡೇ ತರಬೇಕಾಯಿತೆಂದು ಪತ್ರಿಕೆಗಳು ಬರೆದವು. ಅಂಥ ಕಡೆ ಕೈಲಿರುವುದು ಮೊದಲ ಆರೈಕೆಯೊಂದೇ, ಅದನ್ನು ಸರಿಯಾಗಿ ಮಾಡಿದರೆ ಬಹಳಷ್ಟು ಉಳಿಯುತ್ತದೆ. ರಕ್ತ ಸುರಿಯುತ್ತಿದ್ದರೆ ತೊಳೆದ ಬಟ್ಟೆಯನ್ನು ಮಡಿಸಿ ಗಾಯದ ಮೇಲೇ ಒತ್ತಿ ಹಿಡಿಯಿರಿ. ನಡುನಡುವೆ ಎತ್ತಿ ನೋಡಬೇಡಿ. ಅರಿಶಿನ, ಕಾಫಿಪುಡಿ, ಸುಣ್ಣ, ಸೊಪ್ಪಿನ ರಸ ಯಾವುದನ್ನೂ ತುಂಬಬೇಡಿ. ಆಪರೇಷನ್ನಿನಲ್ಲಿ ಅವನ್ನು ಕೆರೆದು ತೆಗೆಯುವಾಗ ಬದುಕಿದ್ದ ಮಾಂಸವೂ ಜೊತೆಗೆ ಹೋಗುತ್ತದೆ. ಹೊರಗೆ ಬಂದ ಎಲುಬನ್ನು ಒಳಗೆ ತಳ್ಳಬೇಡಿ, ಬಿದ್ದ ಚೂರನ್ನು ಎಸೆಯಬೇಡಿ. ಹಲಗೆಯೋ ಕೋಲೋ ಇಟ್ಟು ಕಾಲು ಅಲುಗದಂತೆ ಕಟ್ಟಿ. ಎಲುಬು ಕಟ್ಟುವವರ ಹತ್ತಿರ ಮೊದಲು ತೋರಿಸಿ ಬರೋಣ ಎನ್ನುವವರು ಮನೆಯಲ್ಲಿ ಇದ್ದೇ ಇರುತ್ತಾರೆ. ಚರ್ಮ ಹರಿಯದ ಮುರಿತದ ಬಗ್ಗೆ ಅವರೊಡನೆ ಬೇಕಾದರೆ ವಾದಕ್ಕಿಳಿಯಬಹುದು, ತೆರೆದ ಗಾಯದಲ್ಲಿ ವಾದಕ್ಕೂ ಪುರಸತ್ತಿಲ್ಲ. ಪಾದ ತಣ್ಣಗಾಗಿ ಬಿಳಿಚಿದ್ದರೆ ರಕ್ತನಾಳ ತುಂಡಾಗಿರಬಹುದು. ಆಗ ಗಡುವು ಸುಮಾರು ಆರು ಗಂಟೆ. 108ಕ್ಕೆ ಫೋನ್ ಮಾಡುವಾಗ ಈ ಮಾತನ್ನು ಬಿಡಿಸಿ ಹೇಳಿ.

ಖಾನಾಪುರದ ತಾಲೂಕು ಆಸ್ಪತ್ರೆಯಲ್ಲಾಗಲಿ ಬೇರೆಲ್ಲಾಗಲಿ ಮೊದಲು ತಲುಪಿದ ಕಡೆ ಆಗಬೇಕಾದದ್ದು ಕಡಿಮೆಯೇ, ಆದರೆ ಬೇಗ ಆಗಬೇಕು. ರಕ್ತನಾಳದ ಮೂಲಕ ಆ್ಯಂಟಿಬಯಾಟಿಕ್, ಸಾಧ್ಯವಾದರೆ ಗಾಯವಾದ ಒಂದು ಗಂಟೆಯೊಳಗೆ. ಧನುರ್ವಾಯು ಚುಚ್ಚುಮದ್ದು. ಕಣ್ಣಿಗೆ ಕಾಣುವ ಮಣ್ಣು, ಎಲೆ ತೆಗೆದು ಸಲೈನಿನಲ್ಲಿ ತೊಯ್ಸಿದ ಗಾಜ್ ಇಟ್ಟು ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಸ್ಪ್ಲಿಂಟ್ ಕಟ್ಟಿ ಕಳಿಸುವುದು. ಮುಚ್ಚುವ ಮೊದಲು ಗಾಯದ ಒಂದು ಫೋಟೋ ತೆಗೆದಿಟ್ಟರೆ ಮುಂದಿನ ಪ್ರತಿ ಮೇಜಿನ ಮೇಲೂ ಬಿಚ್ಚಿ ತೋರಿಸುವುದು ತಪ್ಪುತ್ತದೆ. ಬಿಚ್ಚಿದಷ್ಟೂ ಸೋಂಕಿಗೆ ದಾರಿ. ಬಾಯಿ ಬಿಟ್ಟ ಗಾಯವನ್ನು ಎಳೆದು ಬಿಗಿಯಾಗಿ ಹೊಲಿದು ಕಳಿಸುವ ಉತ್ಸಾಹ ಬೇಡ. ಸೆಗಣಿ, ಗದ್ದೆಯ ಕೆಸರು, ಚರಂಡಿ ನೀರು ಸೇರಿದ ಗಾಯವನ್ನು ಥಿಯೇಟರಿನಲ್ಲಿ ತಕ್ಷಣ ತೊಳೆದು, ಸತ್ತದ್ದನ್ನು ಕತ್ತರಿಸಬೇಕು. ಜೋರಾಗಿ ಪೆಟ್ಟು ಬಿದ್ದ ಉಳಿದ ಮುರಿತಗಳಿಗೆ 12 ಗಂಟೆ ಎಂದು ಬ್ರಿಟಿಷ್ ಮಾರ್ಗಸೂಚಿ ಹೇಳುತ್ತದೆ. ತೊಳೆಯಲು ವಿಶೇಷ ದ್ರಾವಣ ಬೇಕೇ? 2015ರಲ್ಲಿ ಪ್ರಕಟವಾದ ‘ಫ್ಲೋ’ ಪ್ರಯೋಗದಲ್ಲಿ, ಎರಡು ಸಾವಿರಕ್ಕೂ ಹೆಚ್ಚು ತೆರೆದ ಮುರಿತಗಳಲ್ಲಿ, ಸಾಬೂನು ದ್ರಾವಣಕ್ಕಿಂತ ಬರೀ ಸಲೈನೇ ಲೇಸೆಂದು ಕಂಡಿತು. ಬೇಕಾದದ್ದು ಧಾರಾಳ ನೀರು, ಕಂಜೂಸಿ ಇಲ್ಲದ ಕೈ.

ಇನ್ನು ಬೆಳಗಾವಿ. ನೆಹರು ನಗರದಲ್ಲಿ 1963ರಿಂದ ಇರುವ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿಗೆ ಸೇರಿದ ಕೆಎಲ್‌ಇಯ ಡಾ. ಪ್ರಭಾಕರ ಕೋರೆ ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗವಿದೆ. ಸರ್ಕಾರದ್ದೆಂದರೆ ವೈದ್ಯಕೀಯ ಕಾಲೇಜಾದ ಬಿಮ್ಸ್‌ಗೆ ಸೇರಿದ ಜಿಲ್ಲಾ ಆಸ್ಪತ್ರೆ, ಜನರ ಬಾಯಲ್ಲಿ ಇಂದಿಗೂ ‘ಸಿವಿಲ್’. ಅದರಾಚೆ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ. ಆಸ್ಪತ್ರೆಯ ಬೋರ್ಡು ನೋಡಿ ತೀರ್ಮಾನಿಸುವುದಕ್ಕಿಂತ ಮೂರು ಮಾತು ಕೇಳಿ ತೀರ್ಮಾನಿಸುವುದು ಒಳ್ಳೆಯದು. ಮೊದಲನೆಯದು, ಎಲುಬಿನ ಡಾಕ್ಟರರೂ ಪ್ಲಾಸ್ಟಿಕ್ ಸರ್ಜನ್ನರೂ ಮೊದಲ ಆಪರೇಷನ್ನಿಗೆ ಮುಂಚೆಯೋ ಅದರ ಹೊತ್ತಿಗೋ ಒಟ್ಟಿಗೆ ಗಾಯ ನೋಡುತ್ತಾರೆಯೇ? ಇದು ಸುಮ್ಮನೆ ಕೇಳುವ ಮಾತಲ್ಲ. ಹೊರಗಿನಿಂದ ಹಾಕುವ ಕಂಬಿಯ ಪಿನ್ನುಗಳು ನಾಳೆ ಫ್ಲಾಪ್ ತಿರುಗಿಸಬೇಕಾದ ಜಾಗದಲ್ಲೇ ಚುಚ್ಚಿಕೊಂಡರೆ, ಉಳಿದಿದ್ದ ಒಂದು ರಕ್ತನಾಳದ ಮೇಲೇ ಚಾಕು ಆಡಿದರೆ, ಆಮೇಲೆ ಬಂದವರಿಗೆ ದಾರಿಯೇ ಮುಚ್ಚಿರುತ್ತದೆ. ಎರಡನೆಯದು, ಮುಚ್ಚುವ ದಿನ ಯಾವುದು? ‘ನೋಡೋಣ’ ಎಂಬ ಉತ್ತರ ಎರಡನೆಯ ದಿನಕ್ಕೆ ಸರಿ, ಎಂಟನೆಯ ದಿನಕ್ಕೆ ಸರಿಯಲ್ಲ. ಮೂರನೆಯದು, ಇಲ್ಲಿ ಆಗದಿದ್ದರೆ ಇವತ್ತೇ ಬೇರೆ ಕಡೆ ಕಳಿಸುತ್ತೀರಾ? ಹೀಗೆ ಕೇಳಿದರೆ ಡಾಕ್ಟರರಿಗೆ ಸಿಟ್ಟು ಬಂದೀತೆಂಬ ಅಂಜಿಕೆ ನಮ್ಮಲ್ಲಿ ಬಹಳ. ನೆಟ್ಟಗಿನ ಡಾಕ್ಟರರು ಈ ಪ್ರಶ್ನೆಗಳನ್ನು ತಾವೇ ಕೇಳಿಕೊಂಡಿರುತ್ತಾರೆ.

ಯಾವ ಫ್ಲಾಪ್ ಎಂಬುದನ್ನು ಗಾಯದ ಜಾಗ ನಿರ್ಧರಿಸುತ್ತದೆ. ಮೊಣಕಾಲಿಗೆ ಹತ್ತಿರದ, ಕೆಳಗಾಲಿನ ಮೇಲಿನ ಮೂರನೇ ಒಂದು ಭಾಗದಲ್ಲಾದರೆ ಮೀನಖಂಡದ ಹೊರಪದರದ ಗ್ಯಾಸ್ಟ್ರೊಕ್ನಿಮಿಯಸ್ ಮಾಂಸಖಂಡದ ಒಂದು ಪಾಲನ್ನು ಮುಂದಕ್ಕೆ ಮಗುಚಿ, ಮೇಲೆ ಗ್ರಾಫ್ಟ್ ಹಾಕುತ್ತಾರೆ. ಇದು ನಂಬಿಕೆಯ ಆಪರೇಷನ್, ನಡಿಗೆಗೂ ಹೆಚ್ಚಿನ ನಷ್ಟವಿಲ್ಲ. ನಡುಭಾಗಕ್ಕೆ ಅದರಡಿಯ ಸೋಲಿಯಸ್ ಮಾಂಸಖಂಡ. ಕೆಳಗಿನ ಮೂರನೇ ಒಂದು ಭಾಗ, ಪಾದದ ಗಂಟು, ಹಿಮ್ಮಡಿಗಳೇ ತಲೆನೋವು, ಅಲ್ಲಿ ತಿರುಗಿಸಲು ಮಾಂಸವೇ ಇಲ್ಲ. ಹಿಂದೆ ಒಂದು ಕಾಲಿನ ಚರ್ಮವನ್ನು ಇನ್ನೊಂದಕ್ಕೆ ಹೊಲಿದು ಎರಡೂ ಕಾಲನ್ನು ಸುಮಾರು ಮೂರು ವಾರ ಜೋಡಿಸಿಡುತ್ತಿದ್ದರು. ಬೇರೆ ದಾರಿ ಇಲ್ಲದಾಗ ಈಗಲೂ ಮಾಡುತ್ತಾರೆ. ಫ್ರಾನ್ಸಿನ ಮಾಸ್ಕೆಲೆ ಮತ್ತು ಅವರ ತಂಡ 1992ರಲ್ಲಿ ವಿವರಿಸಿದ ಸೂರಲ್ ಫ್ಲಾಪ್ ಇಲ್ಲಿ ದೊಡ್ಡ ಅನುಕೂಲ ತಂದಿತು. ಮೀನಖಂಡದ ಹಿಂಬದಿಯ ಚರ್ಮವನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ನರ ಮತ್ತು ಸಣ್ಣ ರಕ್ತನಾಳಗಳಿರುವ ಒಂದು ತೊಟ್ಟಿನ ಮೇಲೆ ಅದನ್ನು ಕೆಳಕ್ಕೆ ತಿರುಗಿಸುತ್ತಾರೆ. ತೊಟ್ಟು ತಿರುಗುವ ಜಾಗ ಹೊರಗಂಟಿನಿಂದ ಸುಮಾರು ಐದು ಸೆಂಟಿಮೀಟರ್ ಮೇಲೆ, ಕೆಳಗಿನ ನಾಳದಿಂದ ರಕ್ತ ಬರುವುದು ಅಲ್ಲೇ. ಇದಕ್ಕೆ ಕೊಡಬೇಕಾದ ಬೆಲೆ ಪಾದದ ಹೊರಅಂಚಿನ ಮರಗಟ್ಟುವಿಕೆ, ಮೀನಖಂಡದ ಮೇಲೊಂದು ಕಲೆ. ಹಿಮ್ಮಡಿಯ ಅಡಿಭಾಗಕ್ಕೆ, ಗಾಯ ಸಣ್ಣದಿದ್ದರೆ, ಅಂಗಾಲಿನ ನಡುವಿನ ಭಾರ ಬೀಳದ ಚರ್ಮವನ್ನೇ ತರುವುದುಂಟು. ಅದು ಗಟ್ಟಿ ಚರ್ಮ, ಅದಕ್ಕೆ ಸ್ಪರ್ಶವೂ ಉಳಿಯುತ್ತದೆ.

ಗಾಯ ದೊಡ್ಡದಿದ್ದು ಸುತ್ತಲಿನದೆಲ್ಲ ಜಜ್ಜಿದ್ದರೆ ಹತ್ತಿರದಿಂದ ಎರವಲು ಸಿಗುವುದಿಲ್ಲ. ಆಗ ತೊಡೆಯಿಂದಲೋ ಬೆನ್ನಿನಿಂದಲೋ ಫ್ಲಾಪನ್ನು ಪೂರ್ತಿ ಬೇರ್ಪಡಿಸಿ, ಎರಡು ಮೂರು ಮಿಲಿಮೀಟರ್ ಅಗಲದ ರಕ್ತನಾಳಗಳನ್ನು ಮೈಕ್ರೋಸ್ಕೋಪಿನಡಿ ಕೂದಲಿಗಿಂತ ತೆಳುವಾದ ದಾರದಿಂದ ಕಾಲಿನ ನಾಳಗಳಿಗೆ ಹೊಲಿಯಬೇಕು. ಇದೇ ಫ್ರೀ ಫ್ಲಾಪ್. ಹೀಗೆ ನಾಳ ಹೊಲಿದು ಚರ್ಮ ಸಾಗಿಸಿದ ಮೊದಮೊದಲ ಯಶಸ್ಸುಗಳಲ್ಲಿ ಒಂದು 1973ರಲ್ಲಿ ಮೆಲ್ಬರ್ನಿನ ಟೇಲರ್ ಮತ್ತು ಡೇನಿಯಲ್ ಪ್ರಕಟಿಸಿದ ಕಾಲಿನ ಗಾಯದ್ದೇ. ಬಹಳ ಹೊತ್ತು ಹಿಡಿಯುವ, ರಾತ್ರಿಯಿಡೀ ಕಾಯಬೇಕಾದ ಕೆಲಸ. ಸೂರಲ್ ಫ್ಲಾಪಿಗೆ ಮೈಕ್ರೋಸ್ಕೋಪ್ ಬೇಡ. ಹಾಗಿದ್ದರೆ ಸಣ್ಣ ಆಸ್ಪತ್ರೆಯಲ್ಲೇ ಮುಗಿಸಬಾರದೇಕೆ, ದೊಡ್ಡ ಊರಿಗೆ ಓಡುವುದೇಕೆ ಎಂಬುದು ನ್ಯಾಯವಾದ ಪ್ರಶ್ನೆ. ಎಳೆಯ ವಯಸ್ಸು, ಚೊಕ್ಕ ಗಾಯ, ಮೀನಖಂಡದ ಚರ್ಮ ಪೆಟ್ಟು ತಿಂದಿಲ್ಲ, ಮಾಡುವ ಕೈ ಪಳಗಿದೆ ಎಂದಾದರೆ ಖಂಡಿತ ಮಾಡಬಹುದು. ಆದರೆ ಸುಲಭವೆಂಬ ಹೆಸರೇ ಅದಕ್ಕೆ ಮುಳುವಾಗಿದೆ. ಸಕ್ಕರೆ ಕಾಯಿಲೆ, ನಾಳಗಳ ರೋಗ ಇದ್ದವರೇ ಹೆಚ್ಚಿದ್ದ 70 ಸೂರಲ್ ಫ್ಲಾಪುಗಳ ಒಂದು ಜರ್ಮನ್ ಲೆಕ್ಕದಲ್ಲಿ, 2003ರದ್ದು, ಶೇ. 36ರಷ್ಟರಲ್ಲಿ ಫ್ಲಾಪಿನ ಭಾಗವೋ ಪೂರ್ತಿಯೋ ಕೊಳೆತಿತ್ತು. ಫ್ಲಾಪ್ ಸೋತರೆ ಹಳೆಯ ಗಾಯವೂ ಉಳಿಯುತ್ತದೆ, ಎರವಲು ತಂದ ಜಾಗದ ಗಾಯವೂ ಸೇರುತ್ತದೆ. ಮಾಡುವವರ ಬಳಿ ಎರಡನೆಯ ದಾರಿಯೂ ಇದೆಯೇ ಎಂಬುದು ನೋಡಬೇಕಾದ ಮಾತು.

‘ವ್ಯಾಕ್’ ಹಾಕಿಸಿದರೆ ಆಪರೇಷನ್ನೇ ಬೇಡವಂತೆ ಎಂಬ ಮಾತು ವಾರ್ಡಿನಿಂದ ವಾರ್ಡಿಗೆ ಹರಿದಾಡುತ್ತದೆ. ಗಾಯಕ್ಕೆ ಸ್ಪಂಜಿಟ್ಟು, ಪ್ಲಾಸ್ಟಿಕ್ ಹೊದಿಸಿ, ಯಂತ್ರದಿಂದ ಹೀರುವ ವಿಧಾನ ಅದು. ಕೀವುನೀರು ಹೀರುತ್ತದೆ, ಊತ ಇಳಿಸುತ್ತದೆ, ತಳದಲ್ಲಿ ಕೆಂಪು ಮಾಂಸ ಬೆಳೆಸುತ್ತದೆ, ದಿನಾ ಡ್ರೆಸ್ಸಿಂಗ್ ಬಿಚ್ಚುವ ನೋವು ತಪ್ಪಿಸುತ್ತದೆ. ಎರಡು ಆಪರೇಷನ್ನಿನ ನಡುವಿನ ದಿನಗಳಿಗೆ ಒಳ್ಳೆಯ ಸಾಧನ. ಆದರೆ 460 ರೋಗಿಗಳ ‘ವುಲ್ಫ್’ ಎಂಬ ಬ್ರಿಟಿಷ್ ಪ್ರಯೋಗ, 2018ರಲ್ಲಿ ಪ್ರಕಟವಾದದ್ದು, ಕಾಲಿನ ತೀವ್ರ ತೆರೆದ ಮುರಿತಗಳಲ್ಲಿ ಸಾಧಾರಣ ಡ್ರೆಸ್ಸಿಂಗಿಗಿಂತ ಇದರಿಂದ ಒಂದು ವರ್ಷದ ನಂತರದ ಅಂಗವೈಕಲ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದಿತು. ಬತ್ತಲೆ ಎಲುಬಿನ ಮೇಲೆ ವಾರಗಟ್ಟಲೆ ವ್ಯಾಕ್ ಇಟ್ಟುಕೊಂಡು ಕೂತರೆ ಗೊಡಿನಾ ಅವರ ನಡುವಿನ ಗುಂಪಿಗೆ ಸೇರಿದಂತೆಯೇ, ಅದೂ ಹೆಚ್ಚು ಬಿಲ್ಲು ಕಟ್ಟಿ.

ಕಠಿಣವಾದ ಆಕ್ಷೇಪ ಇನ್ನೊಂದಿದೆ: ಇಷ್ಟೆಲ್ಲ ಒದ್ದಾಡುವ ಬದಲು ಕಾಲು ತೆಗೆಸಿ ಕೃತಕ ಕಾಲು ಹಾಕಿಸಿಕೊಂಡರೆ ಆಗದೇ? ಇದನ್ನು ಹೇಳುವವರು ಕಲ್ಲೆದೆಯವರಲ್ಲ, ಅವರ ಕೈಲಿ ಪುರಾವೆಯಿದೆ. ಲೀಪ್ ಅಧ್ಯಯನದ 569 ರೋಗಿಗಳಲ್ಲಿ ಎರಡು ವರ್ಷದ ನಂತರ ಕಾಲು ಉಳಿಸಿಕೊಂಡವರ ಮತ್ತು ಕಳೆದುಕೊಂಡವರ ದಿನನಿತ್ಯದ ಸ್ಥಿತಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಉಳಿಸಿಕೊಂಡವರು ಮತ್ತೆ ಮತ್ತೆ ಆಸ್ಪತ್ರೆಗೆ ಸೇರಿದ್ದು ಹೆಚ್ಚು. ಪೂರ್ತಿ ಜಜ್ಜಿಹೋದ, ಗಂಟೆಗಟ್ಟಲೆ ರಕ್ತವಿಲ್ಲದೆ ಉಳಿದ ಕಾಲನ್ನು ಹಟ ಹಿಡಿದು ಉಳಿಸಹೋಗಿ ಜೀವಕ್ಕೇ ಅಪಾಯ ತಂದುಕೊಳ್ಳಬಾರದು. ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ತಂಡ ರೂಪಿಸಿದ ಅಂಕಪದ್ಧತಿಯಲ್ಲಿ 14ರವರೆಗೆ ಉಳಿಸಲು ಯತ್ನಿಸಬಹುದು, 17 ಅಥವಾ ಅದಕ್ಕಿಂತ ಹೆಚ್ಚಾದರೆ ಕತ್ತರಿಸುವುದೇ ಮೇಲು, ನಡುವಿನದು ಅನುಭವಿಗಳು ಕೂತು ಯೋಚಿಸಬೇಕಾದ ಜಾಗ. ಭಾರತದ ರಸ್ತೆಗಳ ಗಾಯ ನೋಡಿಯೇ ಮಾಡಿದ ಅಳತೆ ಅದು. ಆದರೆ ಅಮೆರಿಕದ ಲೆಕ್ಕವನ್ನು ಖಾನಾಪುರಕ್ಕೆ ತರುವಾಗ ಅದೇ ಅಧ್ಯಯನದ ಖರ್ಚಿನ ಲೆಕ್ಕವನ್ನೂ ತರಬೇಕು: ಜೀವಮಾನದ ಖರ್ಚು ಕಾಲು ತೆಗೆಸಿದವರಲ್ಲಿ ಮೂರು ಪಟ್ಟು, ಏಕೆಂದರೆ ಕೃತಕ ಕಾಲನ್ನು ಮತ್ತೆ ಮತ್ತೆ ಬದಲಿಸುತ್ತಿರಬೇಕು. ಮೊಣಕಾಲುದ್ದ ಕೆಸರಿನಲ್ಲಿ ನಾಟಿ ಮಾಡುವವರಿಗೆ, ಗುಡ್ಡ ಹತ್ತಿ ಇಳಿಯುವವರಿಗೆ, ಕುಕ್ಕುರುಗಾಲಲ್ಲಿ ಕೂತು ಕೆಲಸ ಮಾಡುವವರಿಗೆ ಆ ಕಾಲು ಎಷ್ಟು ದಿನ ಬಾಳೀತು ಎಂದು ಕೇಳಿಕೊಳ್ಳಬೇಕು. ಉಳಿಸಬಹುದಾದ ಕಾಲನ್ನು ಉಳಿಸುವುದೇ ಇಲ್ಲಿ ಲೆಕ್ಕಕ್ಕೂ ಸರಿ ಎಂಬುದು ನನ್ನ ಎಣಿಕೆ.

ದುಡ್ಡಿನ ಮಾತು ಮೊದಲ ದಿನವೇ ಎತ್ತಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜಿನ ಶೇ. 30ರಂತೆ 1.5 ಲಕ್ಷದವರೆಗೆ ನೆರವುಂಟು. ಮಾಮೂಲಿಯಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ತುರ್ತು ಸ್ಥಿತಿಯಲ್ಲಿ ಅದಿಲ್ಲದೆಯೂ ನೋಂದಾಯಿತ ಆಸ್ಪತ್ರೆಗೆ ನೇರ ಹೋಗಬಹುದು. ರಸ್ತೆ ಅಪಘಾತವಾದರೆ 2025ರ ಮೇ 5ರಿಂದ ಜಾರಿಯಲ್ಲಿರುವ ಕೇಂದ್ರದ ನಗದುರಹಿತ ಯೋಜನೆಯಡಿ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ. ಆ ಏಳು ದಿನ ಮತ್ತು ಗಾಯ ಮುಚ್ಚಬೇಕಾದ ದಿನಗಳು ಒಂದೇ ಎಂಬುದನ್ನು ಮರೆಯಬಾರದು. ವಾರ ಕಳೆದ ಮೇಲೆ ಫ್ಲಾಪಿನ ಮಾತು ಎತ್ತಿದರೆ ಆ ಬಾಗಿಲು ಮುಚ್ಚಿರುತ್ತದೆ. ರೇಷನ್ ಕಾರ್ಡು, ಆಧಾರ್ ಹಿಡಿದು ಕೌಂಟರಿನಲ್ಲಿ ಆರೋಗ್ಯ ಮಿತ್ರರನ್ನು ಕಾಣಿ, ಎಲುಬಿನ ಪ್ಯಾಕೇಜಿನ ಜೊತೆಗೆ ಫ್ಲಾಪಿನದ್ದಕ್ಕೂ ಅನುಮತಿ ಕೇಳಿದ್ದಾರೆಯೇ ಎಂದು ವಿಚಾರಿಸಿ. ಅಪಘಾತ ಕಂಡು ಸಹಾಯಕ್ಕೆ ಬಂದವರನ್ನು ಹೊಣೆಗಾರರನ್ನಾಗಿ ಮಾಡದಂತೆ ಮೋಟಾರು ವಾಹನ ಕಾಯ್ದೆಯ 134ಎ ಕಲಮು ಕಾಯುತ್ತದೆ. ಗಾಡಿ ನಿಲ್ಲಿಸಲು ಹೆದರಬೇಕಿಲ್ಲ.

ಎಲ್ಲ ಗಾಯಕ್ಕೂ ಈ ಅವಸರ ಸಲ್ಲದು. ಗದ್ದೆ, ಕಾಡಂಚಿನಲ್ಲಿ ಹಾವು ಕಚ್ಚಿ ಪಾದದ ಚರ್ಮ ಕಪ್ಪಾದಾಗ ಮೊದಲು ವಿಷದ ಚಿಕಿತ್ಸೆ. ಸತ್ತದ್ದೆಷ್ಟು ಬದುಕಿದ್ದೆಷ್ಟು ಎಂಬ ಗೆರೆ ಮೂಡುವವರೆಗೆ ಕಾದು ಆಮೇಲೆ ಮುಚ್ಚುವ ಯೋಚನೆ. ಸಕ್ಕರೆ ಕಾಯಿಲೆಯ ಹುಣ್ಣಿನಲ್ಲಿ ಕಾಲಿಗೆ ರಕ್ತ ಎಷ್ಟು ಹರಿಯುತ್ತಿದೆ ಎಂದು ಡಾಪ್ಲರ್ ಪರೀಕ್ಷೆಯಿಂದ ತಿಳಿದು, ಅಡ್ಡಿಯಿದ್ದರೆ ಅದನ್ನು ತೆರವು ಮಾಡಿಸದೆ ಫ್ಲಾಪ್ ಹಾಕಿಸುವುದು ವ್ಯರ್ಥ. ಇನ್ನು ವರ್ಷಗಟ್ಟಲೆ ಮಾಯದೆ ಸೋರುತ್ತಿರುವ ಹಳೆಯ ಗಾಯ ಇದ್ದಕ್ಕಿದ್ದಂತೆ ಹೂಕೋಸಿನ ಹಾಗೆ ಬೆಳೆದರೆ, ರಕ್ತ ಬರತೊಡಗಿದರೆ, ಚೂರು ತೆಗೆದು ಪರೀಕ್ಷೆ ಮಾಡಿಸಲೇಬೇಕು. ಅಂಥ ಗಾಯದಲ್ಲಿ ಕ್ಯಾನ್ಸರ್ ಹುಟ್ಟುವುದುಂಟು.

ಆಪರೇಷನ್ ಮುಗಿದ ಮೇಲೆ ಮೊದಲ ಎರಡು ಮೂರು ದಿನ ಮಂಚದ ಪಕ್ಕ ಕೂತವರ ಕಣ್ಣಿಗೂ ಕೆಲಸವಿದೆ. ಫ್ಲಾಪಿನ ಒಂದು ಮೂಲೆಯನ್ನು ಡ್ರೆಸ್ಸಿಂಗಿನಿಂದ ಹೊರಗೆ ಕಾಣುವಂತೆ ಬಿಟ್ಟಿರುತ್ತಾರೆ. ಹೇಗೆ ನೋಡಬೇಕೆಂದು ಸಿಸ್ಟರ್ ತೋರಿಸಿಕೊಟ್ಟ ಮೇಲೆ, ಕೈ ತೊಳೆದು, ಬೆರಳಿಂದ ಮೆಲ್ಲಗೆ ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಎರಡು ಮೂರು ಸೆಕೆಂಡಿನಲ್ಲಿ ಮತ್ತೆ ಬಣ್ಣಕ್ಕೆ ಬರಬೇಕು, ಮುಟ್ಟಿದರೆ ಬೆಚ್ಚಗಿರಬೇಕು. ಬಿಳಿಚಿ ತಣ್ಣಗಾಗಿ ಬಣ್ಣ ಮರಳದೇ ಇದ್ದರೆ ರಕ್ತ ಒಳಗೆ ಬರುತ್ತಿಲ್ಲ. ನೇರಳೆಗೆ ತಿರುಗಿ ಊದಿ, ಒತ್ತಿ ಬಿಟ್ಟೊಡನೆ ಥಟ್ಟನೆ ಬಣ್ಣ ತುಂಬಿದರೆ ರಕ್ತ ಹೊರಗೆ ಹೋಗುತ್ತಿಲ್ಲ. ಕಪ್ಪು ಮೈಬಣ್ಣದಲ್ಲಿ ಇದು ಬೇಗ ಗೊತ್ತಾಗುವುದಿಲ್ಲ. ಬೆಳಕಿನಲ್ಲಿ, ಪಕ್ಕದ ಚರ್ಮಕ್ಕೆ ಹೋಲಿಸಿ ನೋಡಬೇಕು. ಎರಡರಲ್ಲಿ ಯಾವುದು ಕಂಡರೂ ರಾತ್ರಿ ಎರಡು ಗಂಟೆಗೇ ಸಿಸ್ಟರನ್ನು ಎಬ್ಬಿಸಿ, ಬೆಳಗಿನ ರೌಂಡ್ಸಿಗೆ ಕಾಯಬೇಡಿ. ಎರಡು ಹೊಲಿಗೆ ಬಿಚ್ಚುವುದರಿಂದಲೇ ಸರಿಹೋಗುವುದೂ ಉಂಟು. ಸೂರಲ್ ಫ್ಲಾಪ್ ಆಗಿದ್ದರೆ ಹಿಂಬದಿಯ ತೊಟ್ಟಿನ ಮೇಲೆ ದಿಂಬು, ಮಂಚದ ಅಂಚು ಒತ್ತಬಾರದು. ಬೀಡಿ, ಸಿಗರೇಟು, ಗುಟ್ಕಾ, ತಂಬಾಕು ಪೂರ್ತಿ ಬಂದ್. ನಿಕೋಟಿನ್ ಈ ಸಣ್ಣ ನಾಳಗಳನ್ನೇ ಹಿಂಡುತ್ತದೆ, ಲೀಪ್ ರೋಗಿಗಳಲ್ಲಿ ಸೇದುವವರಿಗೆ ಎಲುಬಿನ ಸೋಂಕು 3.7 ಪಟ್ಟು ಹೆಚ್ಚಾಗಿ ಕಂಡಿತ್ತು. ನೋಡಲು ಬಂದ ನೆಂಟರು ಬಾಗಿಲಾಚೆ ಕರೆದು ‘ಒಂದೇ ಒಂದು’ ಕೊಡುವುದನ್ನು ತಡೆಯುವುದು ಮನೆಯವರ ಜವಾಬ್ದಾರಿ.

ಕಾಲನ್ನು ಎತ್ತರಕ್ಕಿಟ್ಟ ದಿನಗಳು ಕಳೆದ ಮೇಲೆ ಇಳಿಬಿಡುವ ಅಭ್ಯಾಸ ಶುರುವಾಗುತ್ತದೆ: ಮೊದಲು ಐದೇ ನಿಮಿಷ, ದಿನಕ್ಕೆ ಕೆಲವು ಸಲ, ನಂತರ ಹೆಚ್ಚಿಸುತ್ತ. ಒಮ್ಮೆಲೇ ಇಳಿಬಿಟ್ಟರೆ ಫ್ಲಾಪ್ ನೀಲಿಗಟ್ಟಿ ಊದುತ್ತದೆ. ಎಲುಬಿನಲ್ಲಿ ಚೂರು ಕಳೆದುಹೋಗಿದ್ದರೆ ಕೆಲವು ವಾರಗಳ ನಂತರ ಅದೇ ಫ್ಲಾಪನ್ನು ಒಂದು ಬದಿಯಿಂದ ಎತ್ತಿ ಸೊಂಟದ ಎಲುಬಿನ ಪುಡಿ ತುಂಬುತ್ತಾರೆ. ಡಿಸ್ಚಾರ್ಜ್ ಆಗುವಾಗಲೇ ಆ ದಿನಾಂಕ ಕೇಳಿ ಬರೆಸಿಕೊಳ್ಳಿ, ನಾಟಿಯೋ ಸುಗ್ಗಿಯೋ ಅಡ್ಡ ಬಂದರೆ ಮುಂದೂಡುವ ಮುಂಚೆ ಫೋನ್ ಮಾಡಿ. ಫ್ಲಾಪ್ ಮೊದಲ ತಿಂಗಳುಗಳಲ್ಲಿ ಉಬ್ಬಿಕೊಂಡು ವಿಕಾರವಾಗಿ ಕಾಣುವುದು ಸಹಜ. ಕ್ರೇಪ್ ಬ್ಯಾಂಡೇಜ್ ಸುತ್ತುತ್ತ ಬಂದರೆ ಇಳಿಯುತ್ತದೆ, ಚಪ್ಪಲಿ ಹಿಡಿಯದಷ್ಟು ದಪ್ಪ ಉಳಿದರೆ ಆರು ತಿಂಗಳ ಮೇಲೆ ಒಳಗಿನ ಕೊಬ್ಬು ತೆಗೆದು ತೆಳು ಮಾಡಬಹುದು. ಗ್ರಾಫ್ಟ್ ಹಚ್ಚಿದ ಜಾಗಕ್ಕೆ ಬೆವರಿಲ್ಲ, ಜಿಡ್ಡಿಲ್ಲ. ಗಾಯ ಪೂರ್ತಿ ಮಾಗಿದ ಮೇಲೆ ದಿನಾ ಕೊಬ್ಬರಿ ಎಣ್ಣೆ ಸವರಬೇಕು. ಹಿಮ್ಮಡಿಗೆ ಫ್ಲಾಪ್ ಹಾಕಿಸಿಕೊಂಡವರಿಗೆ ಅಲ್ಲಿ ಸ್ಪರ್ಶ ಕಡಿಮೆ, ಕಲ್ಲು ಚುಚ್ಚಿದರೂ ಗೊತ್ತಾಗುವುದಿಲ್ಲ. ಮೃದುವಾದ ಎಂಸಿಆರ್ ರಬ್ಬರಿನ ಚಪ್ಪಲಿ ಮನೆಯೊಳಗೂ ಬೇಕು. ಗದ್ದೆಗಿಳಿಯುವಾಗ ಕಾಲುಚೀಲದ ಮೇಲೆ ಗಮ್‌ಬೂಟು, ಬಂದ ಮೇಲೆ ಪಾದ ತೊಳೆದು ಒರೆಸಿ, ಬಗ್ಗಲಾಗದಿದ್ದರೆ ಕನ್ನಡಿ ಹಿಡಿದು ಹಿಮ್ಮಡಿಯನ್ನು ನೋಡಿಕೊಳ್ಳಬೇಕು. ಬೊಬ್ಬೆಯೋ ಬಿರುಕೋ ಕಂಡರೆ ಅದು ಮಾಯುವವರೆಗೆ ಆ ಕಾಲ ಮೇಲೆ ಭಾರ ಹಾಕದೆ ಆಪರೇಷನ್ ಮಾಡಿದವರಿಗೇ ತೋರಿಸಿ.